ಅಂಬೋಲಿ ಘಟ್ಟದಲ್ಲಿ ಕುಡಿಯದ ನೀರು

ಸಮುದ್ರ ನೋಡಬೇಕೆಂದು ಹಟ ಹಿಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುವವರು ಎಲ್ಲ ತಪ್ಪನ್ನೂ ನಮ್ಮವರ ತಲೆಗೆ ಕಟ್ಟಿ ನನ್ನನ್ನು ಪಾಪದವಳು ಅಂದುಕೊಳ್ಳುತ್ತಾರೆ. ಅವರ ಪಾಲು ಅವರಿಗಿದೆ, ನನ್ನದು ನನಗಿದೆ. ನಾನು ಪಾಪದವಳಂತೂ ಅಲ್ಲ.

ನಾವಾಗ ಇಚಲಕರಂಜಿಯ ಶಹಾಪುರದಲ್ಲಿದ್ದೆವು. ನಮ್ಮವರು ಎಂಟು ಮಗ್ಗ ಇಟ್ಟಿದ್ದರು, ಕರೆಂಟಿನವು. ಶೆಡ್ಡಿಗೆ ಹತ್ತಿಕೊಂಡೇ ಎರಡು ಕೋಣೆಯ ಮನೆ. ಬೆಳಗಿನಿಂದ ಮಲಗುವ ತನಕ ಖಟಖಟ ಸಪ್ಪಳ. ಗಂಡ ಹೆಂಡತಿ ಎರಡು ಮಾತಾಡಬೇಕೆಂದರೂ ಕೂಗಿಯೇ ಆಡಬೇಕು. ಓಣಿಯಲ್ಲಿ ಹೋಗುವವರು ಈ ಮನೆಯಲ್ಲಿ ನಿತ್ಯ ಜಗಳ ಅಂದುಕೊಂಡರೆ ಆಶ್ಚರ್ಯವಿಲ್ಲ. ಮೆಲ್ಲಗೆ ಹೇಳಬೇಕಾದ ಮಾತುಗಳನ್ನು ಹೇಳುವುದನ್ನೇ ನಾವು ಬಿಟ್ಟುಬಿಟ್ಟಿದ್ದೆವು. ಅದು ಆಮೇಲೆ ಗೊತ್ತಾಯಿತು.

ಮದುವೆಯಾಗಿ ಆರು ವರ್ಷ ಮಕ್ಕಳಾಗಲಿಲ್ಲ. ಗಡಹಿಂಗ್ಲಜದಲ್ಲಿದ್ದ ಅತ್ತೆ ಮಾವ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಹಬ್ಬಕ್ಕೆ ಹೋದಾಗ ಅತ್ತೆ ನನ್ನ ಹೊಟ್ಟೆಯನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದರು. ಏಳನೆಯ ವರ್ಷ ದಿನ ನಿಂತವು. ನಾಲ್ಕು ತಿಂಗಳು ತುಂಬಿ ಐದನೆಯದು ನಡೆದಾಗ ನಾನು ಕನ್ನಡಿಯ ಮುಂದೆ ಓರೆಯಾಗಿ ನಿಂತು ನೋಡಿಕೊಳ್ಳುತ್ತಿದ್ದೆ. ನಮ್ಮವರು ಶೆಡ್ಡಿನಿಂದ ಹಣಿಕಿ ನೋಡಿ ನಗುತ್ತಿದ್ದರು. ಅಷ್ಟು ಸುಖವಾಗಿ ಅವರು ನಕ್ಕಿದ್ದನ್ನು ನಾನು ಮುಂದೆ ನೋಡಲಿಲ್ಲ.

ಗೋವಾದ ಮಾಪ್ಸೆಯಲ್ಲಿ ಒಬ್ಬ ಅರಿವೆ ವ್ಯಾಪಾರಿ ಇದ್ದ. ಧೋತರ, ಸೀರೆಗಳ ನಮೂನೆ ತಗೊಂಡು ಬನ್ನಿ ಎಂದು ಅವನು ಕಾಗದ ಬರೆದಿದ್ದ. ಗೋವಾ ನಮ್ಮ ದೇಶಕ್ಕೆ ಸೇರಿ ಎರಡು ವರ್ಷ ದಾಟಿತ್ತು, ಆದರೆ ನಮ್ಮ ಬಾಯಲ್ಲಿ ಅದಿನ್ನೂ ಪರದೇಶವೇ. ಅಲ್ಲಿಂದ ಬಂದ ಕೈಗಡಿಯಾರವೆಂದರೆ ಪರದೇಶದ ಗಡಿಯಾರ, ಸಾಬೂನೆಂದರೆ ಪರದೇಶದ ಸಾಬೂನು. ನಮ್ಮವರು ಹೊರಡುವ ಮಾತೆತ್ತಿದ ಕೂಡಲೇ ನಾನೂ ಬರುತ್ತೇನೆ ಅಂದೆ. ಹೆರಿಗೆಯಾದರೆ ಮುಂದೆ ಯಾವ ಕಾಲಕ್ಕೆ ಹೊರಬೀಳುವುದೋ, ಒಮ್ಮೆಯಾದರೂ ಸಮುದ್ರ ನೋಡಬೇಕು ಎಂದೆ. ಅವರು ಬೇಡವೆಂದರು. ನಾನು ಒಂದು ಹೊತ್ತು ಊಟ ಬಿಟ್ಟೆ. ಆತು ಬಿಡ ಅಂದರು. ಉಪವಾಸ ಕೂತರೆ ಇವರು ಸೋಲುತ್ತಾರೆ ಎಂದು ನನ್ನ ತಲೆಯಲ್ಲಿ ಅವತ್ತೇ ಕೂತಿರಬೇಕು.

ನಮ್ಮ ಜೀಪು ಮಿಲಿಟರಿಯವರು ಹರಾಜು ಹಾಕಿದ ಹಳೆಯ ಗಾಡಿ. ಬಾಗಿಲಿರಲಿಲ್ಲ, ಮೇಲೆ ತಾಡಪತ್ರೆಯ ದಪ್ಪ ಬಟ್ಟೆ. ಹಾರ್ನು ಬೇಕೆಂದಾಗ ಕೂಗದು, ಕೂಗಿದರೆ ನಿಲ್ಲದು. ಕಾಗಲ ದಾಟಿ ಮುರಗೂಡ ಇನ್ನೂ ಅರ್ಧ ಮೈಲು ಇರುವಾಗಲೇ ಹಿಂದಿನ ಗಾಲಿ ಹೋಯಿತು. ಅವರು ಗಾಲಿ ಬಿಚ್ಚುತ್ತ ಕೂತರು, ನಾನು ಬೇವಿನ ನೆರಳಲ್ಲಿ ಕೂತು ವೇದಗಂಗೆಯ ದಂಡೆಯ ಕಬ್ಬು ನೋಡಿದೆ. ನಾಲ್ಕು ಗಾಣದ ಹೊಗೆ ಒಟ್ಟಿಗೆ ಎದ್ದಿತ್ತು, ಗಾಳಿಯೆಲ್ಲ ಬೆಲ್ಲದ ವಾಸನೆ. ಆ ಪ್ರವಾಸದಲ್ಲಿ ನಾನು ನಿಶ್ಚಿಂತೆಯಿಂದ ಕೂತದ್ದು ಅದೊಂದೇ ತಾಸು ಇರಬೇಕು.

ಗಡಹಿಂಗ್ಲಜದಲ್ಲಿ ಅತ್ತೆ ನಮ್ಮನ್ನು ಬಾಗಿಲಲ್ಲೇ ಹಿಡಿದರು.

"ಏಳ ವರ್ಷಕ್ಕ ಒಂದ ಜೀವಾ ಬಂದೈತಿ. ಅದನ್ನ ಈ ಡಬರಾ ಗಾಡ್ಯಾಗ ಕುಣಸ್ಕೋಂತ ಒಯ್ತಿಯೇನೋ? ಬುದ್ಧಿ ಐತೇನ ನಿನಗ?"

"ಅವ್ವಾ, ನಾ ಬ್ಯಾಡಂದೆ. ಆಕಿನ ಬರ್ತೇನಿ ಅಂದ್ಲು."

ಇದು ಖರೆ. ಆದರೂ ಅಷ್ಟು ಚಟ್ಟನೆ ನನ್ನ ಕಡೆ ಬೆರಳು ಮಾಡಬೇಕಿರಲಿಲ್ಲ. ಅತ್ತೆ ನನ್ನ ಮುಖ ನೋಡಿದರು, ಒಳಗೆ ಹೋಗಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಕಟ್ಟಿಕೊಟ್ಟರು. ಮುಚ್ಚಳ ತಿರುವುವ ಹಿತ್ತಾಳೆಯ ಫಿರಕಿ ತಂಬಿಗೆಯಲ್ಲಿ ನೀರು ತುಂಬಿ ನನ್ನ ಕೈಗೇ ಕೊಟ್ಟರು. "ಹೊರಗಿನ ನೀರ ಕುಡೀಬ್ಯಾಡ. ಇದು ತೀರಿದ್ರ ಕಾಸಿದ ನೀರ ಕೇಳು" ಅಂದರು.

ಮರುದಿನ ಆಜರೆ ದಾಟಿ ಅಂಬೋಲಿಗೆ ಬಂದೆವು. ಚೈತ್ರದ ಬಿಸಿಲು ಅಲ್ಲಿಗೆ ಬರುವಷ್ಟರಲ್ಲಿ ತಣ್ಣಗಾಗಿತ್ತು. ಘಟ್ಟದ ತುದಿಯಲ್ಲಿ ಗಾಡಿ ನಿಲ್ಲಿಸಿ ನಮ್ಮವರು ಕೆಳಗೆ ಕೈಮಾಡಿ ತೋರಿಸಿದರು. ಕೊಂಕಣವೆಲ್ಲ ಹಸಿರು ಮಂಜಿನಲ್ಲಿ ಮುಳುಗಿತ್ತು, ರಸ್ತೆ ಅದರೊಳಗೆ ಸುತ್ತಿ ಸುತ್ತಿ ಇಳಿದು ಕಾಣೆಯಾಗಿತ್ತು. ಕೆಳಗೆ ಇಳಿದ ಮೇಲೆ ಮಣ್ಣು ಕೆಂಪಾಯಿತು, ಗೇರುಹಣ್ಣಿನ ಘಾಟು ವಾಸನೆ ಬಂತು, ಬೆವರು ನಿಲ್ಲದಾಯಿತು. ಒಂದು ಹೊಳೆಯನ್ನು ಜೀಪು ಸಮೇತ ನಾವೆಯ ಮೇಲೆ ದಾಟಿದೆವು. ಆಚೆ ದಂಡೆಯಲ್ಲಿ ಸುಣ್ಣ ಬಳಿದ ಚರ್ಚು, ಗಿಡ್ಡ ಫ್ರಾಕಿನ ಮುದುಕಿಯರು, ಹಂಚಿನ ಮನೆಗಳ ಮುಂದೆ ಒಣ ಮೀನು. ನಾನು ಮೂಗಿಗೆ ಸೆರಗು ಹಿಡಿದು ಎಲ್ಲವನ್ನೂ ಕಣ್ಣಗಲಿಸಿ ನೋಡಿದೆ. ರಾತ್ರಿ ವ್ಯಾಪಾರಿಯ ಮಾಳಿಗೆಯ ಮೇಲೆ ಉಳಿದೆವು. ಊಟ ಮುಗಿಸಿ ಎರಡು ಲೋಟ ನೀರು ಕುಡಿದೆ. ಈಗಲೂ ನನಗೆ ಆ ಲೋಟ ನೆನಪಿದೆ, ನೀಲಿ ಗಾಜಿನದು.

ಬೆಳಿಗ್ಗೆ ಏನೂ ಬಾಯಿಗೆ ಹಾಕದೆ ಸಮುದ್ರಕ್ಕೆ ಹೋದೆವು. ನಮ್ಮ ಮನೆತನದಲ್ಲಿ ಸ್ನಾನವಾಗಿ ಲಿಂಗಪೂಜೆ ಮುಗಿಯದೆ ಯಾರ ಗಂಟಲಲ್ಲೂ ಹನಿ ನೀರು ಇಳಿಯುತ್ತಿರಲಿಲ್ಲ. ಪೂಜೆಯನ್ನು ಅಲ್ಲೇ ಮಾಡಿಕೊಂಡು ರೊಟ್ಟಿ ತಿನ್ನುವುದೆಂದು ಮಾತಾಗಿತ್ತು.

ಸಮುದ್ರವನ್ನು ಹೇಗೆ ಹೇಳಲಿ? ಅಷ್ಟು ಹಂಬಲಿಸಿ ಹೋದವಳು ಅದನ್ನು ನೆಟ್ಟಗೆ ನೋಡಿದ್ದು ಹತ್ತು ನಿಮಿಷ. ಅದರ ಸಪ್ಪಳ ನಮ್ಮ ಶೆಡ್ಡಿನಂತೆಯೇ ಬಿಡುವಿಲ್ಲದ್ದು ಅನಿಸಿತು. ನಮ್ಮವರು ಮಾತ್ರ ಮಕ್ಕಳ ಹಾಗೆ ಅಂಗಿ ಕಳಚಿ ಒಗೆದು ನೀರಿಗೆ ಇಳಿದೇಬಿಟ್ಟರು. ನಾನು ದಂಡೆಯಲ್ಲಿ ಕೂತು, ತಂಬಿಗೆಯ ನಾಲ್ಕು ಹನಿ ನೀರಿನಲ್ಲಿ ನನ್ನ ಪೂಜೆ ಮುಗಿಸಿಕೊಂಡೆ. ತೀರ್ಥದ ಹನಿ ಬಾಯಿಗೆ ಹಾಕಿಕೊಳ್ಳಬೇಕು, ಅಷ್ಟರಲ್ಲಿ ತಲೆಯೆತ್ತಿದೆ. ಅವರು ಸೊಂಟಮಟ್ಟದ ನೀರಿನಲ್ಲಿ ನಿಂತು ಎದೆಯ ಮೇಲಿನ ಲಿಂಗದ ಬೆಳ್ಳಿ ಕರಡಿಗೆ ತೆರೆಯುತ್ತಿದ್ದರು.

"ದಂಡ್ಯಾಗ ಕುಂತು ಮಾಡ್ರಿ!" ಎಂದು ಕೂಗಿದೆ.

"ಇಷ್ಟ ನೀರ ಮುಂದ ಇದ್ದಾಗ ತಂಬಿಗಿ ನೀರ ಯಾಕ?" ಎಂದು ನಕ್ಕರು.

ಗಡಹಿಂಗ್ಲಜದವರ ರೂಢಿಯೇ ಅದು. ಹಿರಣ್ಯಕೇಶಿಯಲ್ಲಿ ಮುಳುಗಿ ಎದ್ದು, ಸೊಂಟಮಟ್ಟ ನಿಂತು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಬಲಗೈಯಿಂದ ಹೊಳೆಯ ನೀರನ್ನೇ ಎರೆದು ಪೂಜೆ ಮಾಡಿಕೊಳ್ಳುವುದು. ಅವರ ಅಪ್ಪ ಮಾಡಿದ್ದೂ ಹಾಗೆ, ಅಜ್ಜ ಮಾಡಿದ್ದೂ ಹಾಗೆ. ಹೊಳೆ ನಿಂತವನನ್ನು ಅವನ ಪಾಡಿಗೆ ಬಿಡುತ್ತದೆ. ಸಮುದ್ರ ಬಿಡುವುದಿಲ್ಲ ಎಂದು ಬಯಲುಸೀಮೆಯ ಮನುಷ್ಯನಿಗೆ ಯಾರು ಹೇಳಬೇಕು? ಪೂಜೆಯಲ್ಲಿ ದೃಷ್ಟಿ ಅಂಗೈಯ ಲಿಂಗದ ಮೇಲೇ ನೆಟ್ಟಿರಬೇಕು. ಅವರ ದೃಷ್ಟಿಯೂ ಅಲ್ಲೇ ನೆಟ್ಟಿತ್ತು. ಹಿಂದಿನಿಂದ ಬಂದ ತೆರೆಯನ್ನು ನಾನು ನೋಡಿದೆ, ಅವರು ನೋಡಲಿಲ್ಲ. ತೆರೆ ಅವರನ್ನು ಮಗುಚಿ ಹಾಕಿತು. ಎದ್ದು ನಿಂತಾಗ ಎರಡೂ ಅಂಗೈ ಬರಿದಾಗಿದ್ದವು.

ಮಧ್ಯಾಹ್ನದ ತನಕ ಹುಡುಕಿದರು. ಮುಳುಗಿ, ಮರಳು ಬಗೆದು, ಮತ್ತೆ ಮುಳುಗಿ. ಮೀನುಗಾರರು ಕರುಣೆಯಿಂದ ಬಲೆ ಎಳೆದುಕೊಟ್ಟರು. ಸಿಂಪಿ ಬಂತು, ಎರಡು ಏಡಿ ಬಂದವು. ಕೊನೆಗೆ ಅವರು ಮರಳಿನಲ್ಲಿ ಬಂದು ಕುಸಿದರು. ಐದನೆಯ ವರ್ಷದಿಂದ ಒಂದು ದಿನವೂ ಮೈಬಿಟ್ಟು ಅಗಲದ ಲಿಂಗ. ತೆರೆದ ಕರಡಿಗೆ ಎದೆಯ ಮೇಲೆ ನೇತಾಡುತ್ತಿತ್ತು. ನಾನು ಅದನ್ನು ಮುಚ್ಚಲು ಕೈ ಚಾಚಿದೆ, ಅವರು ಕೈ ಸರಿಸಿದರು.

"ಇನ್ನ ನನಗ ನೀರಿಲ್ಲ" ಅಂದರು.

ಆ ಮನೆತನದಲ್ಲಿ ಒಂದು ಕಥೆ ಇತ್ತು. ಅವರ ಮುತ್ತಜ್ಜ ಹೊಳೆಯ ಮಹಾಪೂರದಲ್ಲಿ ಲಿಂಗ ಕಳಕೊಂಡು, ಗುರುಗಳು ಬಂದು ಹೊಸದು ಕೊಡುವ ತನಕ ಮೂರು ದಿನ ಹನಿ ನೀರು ಮುಟ್ಟದೆ ಕೂತಿದ್ದರಂತೆ. ಮಾವನವರು ಇದನ್ನು ಹೇಳುವಾಗ ಬೆನ್ನು ನೆಟ್ಟಗಾಗುತ್ತಿತ್ತು. ನಮ್ಮವರು ಆ ಕಥೆಯನ್ನೇ ತಿಂದು ಬೆಳೆದವರು.

"ನಂದ ತಗೋರಿ. ಇವತ್ತಿಗೆ ಪೂಜಿ ಮಾಡ್ಕೊಂಡು ನೀರ ಕುಡೀರಿ" ಅಂದೆ.

"ಹುಚ್ಚಿ ಇದ್ದಿ ಏನ? ಒಬ್ಬರದು ಇನ್ನೊಬ್ಬರು ಮುಟ್ಟಬಾರದು. ಊರಿಗೆ ಹೋಗೂಣು, ಅಜ್ಜಾರ ಕೈಲೆ ತಗೊಂಡ ಮ್ಯಾಲೇ ನೀರು."

ನಮ್ಮ ಕಡೆ ಮಠದ ಸ್ವಾಮಿಗಳಿಗೆ ಅಜ್ಜಾರು ಅನ್ನುತ್ತಾರೆ. ಅಜ್ಜಾರು ಇದ್ದದ್ದು ಗಡಹಿಂಗ್ಲಜದಲ್ಲಿ, ನಾವಿದ್ದದ್ದು ಗೋವಾದ ಮರಳಿನಲ್ಲಿ, ನಡುವೆ ಆ ಘಟ್ಟ. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನಲ್ಲೇ ಅಂದೆ:

"ಹಂಗಾದ್ರ ನನಗೂ ಇಲ್ಲ. ನೀವು ಕುಡದ ಮ್ಯಾಲೇ ನಾನು ಕುಡಿಯಾಕಿ. ಹೊಟ್ಟ್ಯಾಗಿಂದು ಏನಾರ ಆಗಲಿ."

ಜನ ಆಮೇಲೆ ಇದನ್ನು ಪತಿಭಕ್ತಿ ಅಂದರು. ಭಕ್ತಿಯೂ ಅಲ್ಲ, ಮಣ್ಣೂ ಅಲ್ಲ. ಅದು ಬೆದರಿಕೆ. ಮಗುವಿನ ಹೆಸರೆತ್ತಿದರೆ ಸೋತು ಕುಡಿಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಹೊಟ್ಟೆ ನೋಡಿದರು, ಸಮುದ್ರ ನೋಡಿದರು, "ನಿನ್ನ ಮರ್ಜಿ" ಅಂದು ಎದ್ದು ಗಾಡಿಯ ಕಡೆ ನಡೆದರು. ಬಾಯಿಂದ ಬಿದ್ದ ಮಾತನ್ನು ಮರಳಿನಿಂದ ಆರಿಸಿಕೊಳ್ಳುವ ಜಾತಿಯವಳಲ್ಲ ನಾನು.

ಹೊತ್ತು ಇಳಿಯುವಾಗ ಘಟ್ಟದ ಬುಡಕ್ಕೆ ಬಂದೆವು. ಎರಡು ತಿರುವು ಏರುವಷ್ಟರಲ್ಲಿ ಫಟ್ಟೆಂದು ಫ್ಯಾನಿನ ಬೆಲ್ಟು ಹರಿಯಿತು, ರೇಡಿಯೇಟರು ಕುದಿದು ಉಗಿ ಉಗುಳಿತು. ಬೆಲ್ಟು ಸಿಗಬೇಕೆಂದರೆ ಹಿಂದೆ ಸಾವಂತವಾಡಿಗೆ ಹೋಗಬೇಕು. ರಾತ್ರಿ ಜೀಪಿನಲ್ಲೇ ಕಳೆಯಿತು. ಅದರ ಬಗ್ಗೆ ಹೇಳುವುದೇನೂ ಇಲ್ಲ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಅಷ್ಟೆ.

ಬೆಳಗಾದ ಮೇಲೆ ನಮ್ಮವರು ತಮ್ಮ ಸಾಮಾನಿನ ಚೀಲ ಸುರುವಿದರು. ಅದರಲ್ಲಿ ಮಗ್ಗದ್ದೊಂದು ಚರ್ಮದ ಪಟ್ಟಿ ಇತ್ತು, ಲಾಳಿಯನ್ನು ಆಚೆ ಈಚೆ ಹೊಡೆಯುವಂಥದು. ಅದನ್ನು ಕೊಯ್ದು, ತುದಿಗೆ ತೂತು ಮಾಡಿ, ಶೆಡ್ಡಿನಲ್ಲಿ ಹರಿದ ಬೆಲ್ಟು ಹೊಲಿಯುವ ಹಾಗೆಯೇ ತೊಗಲಿನ ದಾರ ಹಾಕಿ ಹೊಲಿದರು. ಹೊಲಿಗೆ ನೆಟ್ಟಗಿತ್ತು. ಆ ಹೊತ್ತಿನಲ್ಲಿ ಅವರ ಮೇಲೆ ನನಗೆ ಜೀವ ಹೋಗುವಷ್ಟು ಮಮತೆ ಬಂತು. ಬೆಲ್ಟು ಕೂತಿತು, ಆದರೆ ರೇಡಿಯೇಟರು ಎಲ್ಲೋ ಸೋರುತ್ತಿತ್ತು. ಮೂರು ಮೈಲಿಗೊಮ್ಮೆ ಗಾಡಿಗೆ ನೀರು ಕುಡಿಸಬೇಕಾಯಿತು. ಜೀಪು ಕುಡಿಯುತ್ತಿತ್ತು, ನಾವು ನೋಡುತ್ತಿದ್ದೆವು. ಫಿರಕಿ ತಂಬಿಗೆ ನನ್ನ ಕಾಲ ಬಳಿ ಉರುಳಾಡುತ್ತಿತ್ತು, ಅದರಲ್ಲಿ ಇನ್ನೂ ಅರ್ಧ ನೀರಿತ್ತು. ಅದನ್ನು ಗಾಡಿಗೆ ಸುರಿಯಲು ಇಬ್ಬರಿಗೂ ಮನಸ್ಸಾಗಲಿಲ್ಲ.

ನಡುಘಟ್ಟದ ಒಂದು ತಿರುವಿನಲ್ಲಿ ಅವರು ಡಬ್ಬಿ ಹಿಡಿದು ಕೆಳಗೆ ಇಳಿದರು. ಬೇಸಿಗೆಯಲ್ಲೂ ಅಲ್ಲೊಂದು ಸೆಲೆ ಬಂಡೆಯಿಂದ ಒಸರುತ್ತದೆ ಎಂದು ರಸ್ತೆ ಕೆಲಸದವರು ಹೇಳಿದ್ದರು. ಬಹಳ ಹೊತ್ತಾದರೂ ಬರಲಿಲ್ಲ. ನನಗೆ ಭಯವಾಯಿತು. ತಲೆ ತಿರುಗಿ ಬಿದ್ದರೋ ಏನೋ ಎಂದು ಇಳಿದು, ರಸ್ತೆಯಂಚಿನ ಕಟ್ಟೆ ಹಿಡಿದುಕೊಂಡು ಬಗ್ಗಿ ನೋಡಿದೆ.

ಕೆಳಗೆ ನೆರಳಿನಲ್ಲಿ ಅವರು ನಿಂತಿದ್ದರು. ಡಬ್ಬಿ ತುಂಬಿ ಪಕ್ಕಕ್ಕಿಟ್ಟಿತ್ತು. ಅವರು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಮೇಲೆ ಮಾತ್ರ ನೋಡಲಿಲ್ಲ. ಆಮೇಲೆ ಮೊಣಕಾಲೂರಿ, ಬೊಗಸೆಯೊಡ್ಡಿ ಕುಡಿದರು. ಒಂದು ಬೊಗಸೆ, ಎರಡು, ಮೂರು. ಕೆಮ್ಮಿದರು, ಮತ್ತೆ ಕುಡಿದರು. ಆಮೇಲೆ ಒದ್ದೆ ಕೈಯಿಂದ ಖಾಲಿ ಕರಡಿಗೆಯನ್ನು ಹಿಡಿದುಕೊಂಡು ತಲೆ ಬಗ್ಗಿಸಿ ಕೂತರು.

ಸಿಟ್ಟು ಬಂತೆ ಎಂದು ಕೇಳಿದರೆ, ಇಲ್ಲ. ಹಾಯೆನಿಸಿತು. ಅಬ್ಬಾ, ಉಳಿದರು ಅಂದುಕೊಂಡೆ. ಇನ್ನು ಮೇಲೆ ಬಂದು, "ನನ್ನ ಕೈಲೆ ಆಗಲಿಲ್ಲ, ಕುಡದುಬಿಟ್ಟೆ, ನೀನೂ ಕುಡಿ" ಅನ್ನುತ್ತಾರೆ. ನಾನು ಒಂದು ಮಾತೂ ಆಡುವುದಿಲ್ಲ, ತಂಬಿಗೆ ಎತ್ತಿ ಗಟಗಟ ಕುಡಿಯುತ್ತೇನೆ. ಹೀಗೆ ಎಣಿಸಿಕೊಂಡು ಅವಸರವಾಗಿ ಹಿಂದೆ ಬಂದು ಗಾಡಿಯಲ್ಲಿ ಏನೂ ಅರಿಯದವಳ ಹಾಗೆ ಕೂತೆ. ತಂಬಿಗೆಯನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಂಡಿದ್ದೆ.

ಅವರು ಬಂದರು. ಮೀಸೆ ಒದ್ದೆಯಾಗಿತ್ತು.

"ನೀರ ಸಿಕ್ತ್ರಿ?" ಎಂದೆ.

"ಹ್ಞೂಂ. ಗಾಡಿಗೆ ಸಾಕಾಗತೈತಿ."

"ತಣ್ಣಗ ಇತ್ತ್ರಿ?"

ನನ್ನ ಮುಖ ನೋಡಲಿಲ್ಲ. "ನಂಗೇನ ಗೊತ್ತು? ಡಬ್ಬಿ ತುಂಬೇನಿ, ಬಂದೇನಿ" ಅಂದರು.

ನಿಜ ಹೇಳಲೆಂದು ಎರಡು ಸಲ ಮಾತಿನ ಬಾಗಿಲು ತೆರೆದು ಕೊಟ್ಟೆ, ಎರಡು ಸಲವೂ ಅವರು ಒಳಗೆ ಬರಲಿಲ್ಲ. ಆಗ ಬಂತು ನೋಡಿ ಸಿಟ್ಟು. ಗಂಟಲು ಒಣಗಿ ಉಗುಳು ಬತ್ತಿದ್ದವಳಿಗೆ ಅಷ್ಟು ಸಿಟ್ಟು ಎಲ್ಲಿಂದ ಬಂತೋ ಕಾಣೆ. ನೋಡಿದೆ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಂದರೆ ಅವರು ನನ್ನೆದುರು ಮತ್ತೆ ತಲೆಯೆತ್ತುವರೇ ಎಂಬ ಅಂಜಿಕೆಯೂ ಇತ್ತು. ಅವರ ಹಾಗೆ ನಾನೂ ಕದ್ದು ಕುಡಿಯಬಹುದಿತ್ತು, ತಂಬಿಗೆ ಕಾಲ ಬಳಿಯೇ ಇತ್ತು. ಕುಡಿಯಲಿಲ್ಲ. ಇವರಾಗಿಯೇ ಹೇಳಲಿ ಎಂದು ಕಾದೆ. ಈ ತಿರುವಿನಲ್ಲಿ ಹೇಳುತ್ತಾರೆ, ಮುಂದಿನ ತಿರುವಿನಲ್ಲಿ ಹೇಳುತ್ತಾರೆ. ಗಂಡನ ಪರೀಕ್ಷೆ ನಡೆಸಿದ್ದೆ ನಾನು, ಹೊಟ್ಟೆಯೊಳಗೆ ಐದು ತಿಂಗಳ ಕೂಸನ್ನು ಕೂರಿಸಿಕೊಂಡು.

ಘಟ್ಟದ ತಲೆಯ ಹತ್ತಿರ ಮತ್ತೆ ಗಾಡಿ ಕುದಿದು ನಿಂತಾಗ ಎದುರಿಂದ ಇಳಿಯುತ್ತಿದ್ದ ಸರಕಾರಿ ಎಸ್ಟಿ ಬಸ್ಸು ನಮ್ಮ ಪಕ್ಕ ನಿಂತಿತು. ಡ್ರೈವರ ಇಳಿದು ಬಂದು ನೀರು ಹಾಕಲು ಕೈಕೊಟ್ಟ. ಕಿಟಕಿಯಿಂದ ಒಬ್ಬ ಮುದುಕಿ ನನ್ನನ್ನು ದಿಟ್ಟಿಸಿ ನೋಡಿ ತನ್ನ ಲೋಟ ಚಾಚಿದಳು. "ಪೋಟುಶೀ ದಿಸ್ತೇಸ್ ಗ. ಪಾಣೀ ತರೀ ಘೆ" ಅಂದಳು. ಬಸುರಿ ಕಾಣುತ್ತೀ, ನೀರಾದರೂ ಕುಡಿಯೆ ಎಂದು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಇದು ಸುಳ್ಳಲ್ಲ, ಬೆರಳು ಲೋಟಕ್ಕೆ ತಾಗಿತ್ತು.

ಆಗ ನಮ್ಮವರು ಬಾನೆಟ್ಟಿನ ಹಿಂದಿನಿಂದ ಹೇಳಿದರು: "ಆಮ್ಚಾ ದೋಘಾಂಚಾ ಉಪವಾಸ ಆಹೆ."

ನಮ್ಮಿಬ್ಬರದೂ ಉಪವಾಸವಂತೆ. ಇಬ್ಬರದೂ! ನಾನು ಅವರ ಕಡೆ ತಿರುಗಿ ನೋಡಿದೆ. ಅವರು ಚಿಂದಿಯಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದರು, ಮುಖ ಬೂದಿಯಾಗಿತ್ತು. ನಾನು ಕೈ ಹಿಂದೆ ತಗೊಂಡೆ. ಮುದುಕಿ ಏನೋ ಗೊಣಗಿ ನೀರನ್ನು ರಸ್ತೆಗೆ ಚೆಲ್ಲಿದಳು. ಬಸ್ಸು ಹೋಯಿತು.

ಆಜರೆ ದಾಟುವಾಗ ಸೊಂಟದಲ್ಲಿ ಒಂದು ಎಳೆತ ಶುರುವಾಯಿತು. ಜೀಪಿನ ಕುಲುಕಾಟ ಅಂದುಕೊಂಡೆ. ಗಡಹಿಂಗ್ಲಜ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಮನೆಗೂ ಹೋಗದೆ ನೆಟ್ಟಗೆ ಮಠದ ಮುಂದೆ ಗಾಡಿ ನಿಲ್ಲಿಸಿದರು. ಯಾರೋ ಓಡಿಹೋಗಿ ಮಾವನವರಿಗೆ ಸುದ್ದಿ ಮುಟ್ಟಿಸಿದರು, ಅವರ ಹಿಂದೆ ಅರ್ಧ ಪೇಟೆಯೇ ಬಂತು. ನಮ್ಮವರು ನಡೆದದ್ದನ್ನು ಹೇಳಿದರು. ಸಮುದ್ರ, ತೆರೆ, ಬೆಲ್ಟು, ಘಟ್ಟ. ಸೆಲೆಯೊಂದನ್ನು ಹೇಳಲಿಲ್ಲ.

ಮಾವನವರ ಕಣ್ಣಲ್ಲಿ ನೀರು ಬಂತು. ನೆರೆದವರ ಕಡೆ ತಿರುಗಿ, "ಎರಡ ದಿನಾ ಹನಿ ನೀರ ಮುಟ್ಟಿಲ್ಲ ನನ್ನ ಮಗಾ. ಮುತ್ತ್ಯಾನ ರಕ್ತ ಎಲ್ಲಿ ಹೋದೀತು?" ಅಂದರು. ಒಬ್ಬಿಬ್ಬರು ನಮ್ಮವರ ಕಾಲಿಗೂ ಬಿದ್ದರು. ಅವರು ಕಾಲು ಹಿಂದೆ ಎಳೆದುಕೊಂಡರು, ಬಾಯಿ ಮಾತ್ರ ಬಿಡಲಿಲ್ಲ.

ಅಜ್ಜಾರು ಬಹಳ ವಯಸ್ಸಾದವರು. ಹೊಸ ಲಿಂಗ ಕೊಟ್ಟು, ವಿಭೂತಿ ಹಚ್ಚಿ, ತೀರ್ಥ ಕೊಡುವ ಮುಂಚೆ ಕಂಬಕ್ಕೆ ಆತು ಕೂತಿದ್ದ ನನ್ನ ಕಡೆ ನೋಡಿದರು. "ಈ ಹೆಣ್ಮಗಳು?" ಎಂದು ಕೇಳಿದರು.

"ಆಕೀನೂ ಮುಟ್ಟಿಲ್ರಿ. ಗಂಡ ಕುಡದ ಮ್ಯಾಲ ಅಂತ ಪಣಾ ತೊಟ್ಟಿದ್ಲು" ಎಂದರು ನಮ್ಮವರು, ಮೆಲ್ಲಗೆ.

ಅಜ್ಜಾರು ಸುತ್ತ ಇದ್ದವರನ್ನೆಲ್ಲ ಸಿಟ್ಟಿನಿಂದ ನೋಡಿದರು. "ಎಂಥಾ ಮಂದಿ ಅದೀರಪಾ! ಲಿಂಗ ಹೋದ್ರ ವಿಭೂತಿ ಹಚಗೊಂಡು, ಶಿವನ ನೆನಸಿ ನೀರ ಕುಡೀಬೇಕು. ಬಸರ ಹೆಂಗಸನ್ನ ಒಣಗಸಂತ ಯಾವ ಶಾಸ್ತ್ರ ಹೇಳೈತಿ? ಮೊದಲ ಆಕಿಗೆ ಕುಡಸ್ರಿ."

ಯಾರೋ ತಂಬಿಗೆ ತಂದರು. ಅಷ್ಟರಲ್ಲಿ ನಮ್ಮವರು ತೀರ್ಥ ತಗೊಂಡಿದ್ದರು. ಊರೆದುರು ಅವರು ಕುಡಿದದ್ದಾಯಿತು, ನಾನೂ ಕುಡಿದೆ. ಗಂಟಲಲ್ಲಿ ಇಳಿದ ಆ ನೀರಿಗೆ ಯಾವ ರುಚಿಯೂ ಇರಲಿಲ್ಲ.

ಬೆಳಕು ಹರಿಯುವ ಮುಂಚೆ ನನ್ನನ್ನು ಒಂದು ಬಾಡಿಗೆ ಮೋಟಾರಿನಲ್ಲಿ ಕೊಲ್ಹಾಪುರದ ದವಾಖಾನೆಗೆ ಒಯ್ದರು. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಕಾಗಲದ ಹತ್ತಿರ ಅತ್ತೆ ನನ್ನ ಸೀರೆ ನೋಡಿ ಮುಖ ತಿರುಗಿಸಿದರು. ಮಧ್ಯಾಹ್ನಕ್ಕೆ ಎಲ್ಲ ಮುಗಿದಿತ್ತು. ಗಂಡುಮಗು ಎಂದು ದಾದಿ ಹೇಳಿದಳು, ನಾನು ಕೇಳಿರಲಿಲ್ಲ. ಜೀಪಿನ ಕುಲುಕಾಟವೋ, ನೀರಿಲ್ಲದ್ದೋ, ಎರಡೂ ಅಲ್ಲದ ಇನ್ನೇನೋ, ಖಚಿತವಾಗಿ ಹೇಳಲಾಗದು ಅಂದರು ಡಾಕ್ಟರಬಾಯಿ. ಹಾಗೆ ಅಂದದ್ದರಿಂದ ನನಗೇನೂ ಉಪಕಾರವಾಗಲಿಲ್ಲ.

ಮರುದಿನ ಹೊತ್ತೇರಿದ ಮೇಲೆ ನಮ್ಮವರು ಬಂದರು. ಸ್ನಾನ ಮಾಡಿದ್ದರು, ಹಣೆಯ ಮೇಲೆ ವಿಭೂತಿ ಬೆಳ್ಳಗೆ ಮೂಡಿತ್ತು. ಅತ್ತೆ ಚಹಾ ತರುತ್ತೇನೆ ಎಂದು ಹೊರಗೆ ಹೋದರು. ಅವರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಅಲ್ಲಿ ಮಗ್ಗದ ಸಪ್ಪಳವಿರಲಿಲ್ಲ, ಕೂಗಿ ಮಾತಾಡುವ ಕೆಲಸವೇ ಇರಲಿಲ್ಲ. ಆದರೂ ಅವರು ಕೂಗಿದರು. ಕಣ್ಣಲ್ಲಿ ನೀರು, ದನಿಯಲ್ಲಿ ಸಿಟ್ಟು.

"ನೀ ಯಾಕ ಕುಡೀಲಿಲ್ಲ? ತಂಬಿಗಿ ನಿನ್ನ ಕಾಲ ಬಲ್ಲೇ ಇತ್ತು! ಯಾರ ಬ್ಯಾಡ ಅಂದಿದ್ರು ನಿನಗ? ಯಾಕ ಕುಡೀಲಿಲ್ಲ?"

ನಾನು ಅವರನ್ನು ನೋಡಿದೆ. ಅಳು ಬರಲಿಲ್ಲ. ಘಟ್ಟದಲ್ಲಿ ಬಂದಿದ್ದ ಸಿಟ್ಟೂ ಉಳಿದಿರಲಿಲ್ಲ.

"ನೀವು ಕುಡದದ್ದು ನನಗ ಹೇಳಲಿಲ್ಲಲ್ರಿ" ಅಂದೆ.

ಅವರ ಕೈ ಎದೆಯ ಮೇಲಿನ ಕರಡಿಗೆಯನ್ನು ಹಿಡಿಯಿತು. ಅತ್ತೆ ಚಹಾ ಹಿಡಿದುಕೊಂಡು ಬರುವ ತನಕ ಬಿಡಲಿಲ್ಲ.

ಮುಂದೆ ನಮಗೆ ಮಕ್ಕಳಾಗಲಿಲ್ಲ. ಊರಲ್ಲಿ ನಮ್ಮವರ ನಿಷ್ಠೆಯ ಕಥೆ ಬೆಳೆಯಿತು, ಮಾವನವರು ಇರುವ ತನಕ ಅದನ್ನು ಹೇಳಿದರು, ಹೇಳಿದಾಗಲೆಲ್ಲ ಇವರು ಎದ್ದು ಹೊರಗೆ ಹೋಗುತ್ತಿದ್ದರು. ನಾನು ಯಾರಿಗೂ ಹೇಳಲಿಲ್ಲ. ಅವರೂ ನನ್ನೆದುರು ಆ ಮಾತು ಮತ್ತೆ ಎತ್ತಲಿಲ್ಲ. ಆದರೆ ಆ ವರ್ಷದಿಂದ ಅವರು ಇರುವ ತನಕ, ಊಟಕ್ಕೆ ಕೂತರೆ, ನಾನು ಅಡಿಗೆಮನೆಯಿಂದ ಬಂದು ಅವರ ಕಣ್ಣೆದುರು ಒಂದು ಗುಟುಕು ನೀರು ಕುಡಿಯದೆ ಅವರು ತಮ್ಮ ಲೋಟ ಮುಟ್ಟುತ್ತಿರಲಿಲ್ಲ. ಗಂಟಲಲ್ಲಿ ತುತ್ತು ಸಿಕ್ಕಿದರೂ ಹಾಗೆಯೇ ಕಾಯುತ್ತಿದ್ದರು. ಬಂದವರು ನೋಡಿ, ಎಂಥ ಜೋಡಿ ಅನ್ನುತ್ತಿದ್ದರು.

ಕೆಲವು ದಿನ ನಾನು ಬೇಕೆಂದೇ ತಡಮಾಡುತ್ತಿದ್ದೆ.